ಬಯೋಇನ್ಫರ್ಮ್ಯಾಟಿಕ್ಸ್ ಓದು ಮತ್ತು ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಮುಗಿಸಿದವರು, ಬಿಎಸ್ಸಿ ಕೊನೆಯ ವರ್ಷದಲ್ಲಿರುವವರು, ಬಯೋಟೆಕ್ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವವರು, ಮಕ್ಕಳನ್ನು ಓದಿಸುತ್ತಿರುವ ತಂದೆತಾಯಂದಿರು ಕೇಳುವ ಪ್ರಶ್ನೆಗಳಿವು. ಶುಲ್ಕ, ಸೀಟು, ಅರ್ಜಿಯ ದಿನಾಂಕ ವರ್ಷವರ್ಷವೂ ಬದಲಾಗುತ್ತವೆ. ಅವನ್ನು ಆಯಾ ಸಂಸ್ಥೆಯ ಪ್ರಕಟಣೆಯಲ್ಲೇ ನೋಡಿಕೊಳ್ಳಿ.

ಈ ವಿಷಯದಲ್ಲಿ ಮಾಡುವ ಕೆಲಸವಾದರೂ ಏನು?

ಬಯೋಇನ್ಫರ್ಮ್ಯಾಟಿಕ್ಸ್ ಎಂದರೆ ಜೀವವಿಜ್ಞಾನದ ಡೇಟಾವನ್ನು ಕಂಪ್ಯೂಟರ್ ಮತ್ತು ಸಂಖ್ಯಾಶಾಸ್ತ್ರ ಬಳಸಿ ಬಿಡಿಸುವುದು. ಮನುಷ್ಯನ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ ಬರಹ, ಸುಮಾರು 310 ಕೋಟಿ ಅಕ್ಷರಗಳದ್ದು. ಬಳಕೆಯಲ್ಲಿರುವುದು ನಾಲ್ಕೇ ಅಕ್ಷರ: ಎ, ಸಿ, ಜಿ, ಟಿ. ಇವತ್ತು ಹೆಚ್ಚು ಬಳಕೆಯಲ್ಲಿರುವ ಸೀಕ್ವೆನ್ಸಿಂಗ್ ಯಂತ್ರಗಳು ಇದನ್ನು ಮೊದಲಿಂದ ಕೊನೆಯವರೆಗೆ ಒಂದೇ ಸಮನೆ ಓದಿಕೊಡುವುದಿಲ್ಲ, 150 ಅಕ್ಷರಗಳ ಚೂರುಗಳಾಗಿ ಓದುತ್ತವೆ. ಪ್ರತಿ ಜಾಗವನ್ನೂ ಸರಾಸರಿ 30 ಸಲ ಓದಿಸಬೇಕೆಂದರೆ ಸುಮಾರು 62 ಕೋಟಿ ಚೂರು ಬೇಕು. ಆ ಚೂರುಗಳನ್ನು ಅವವುಗಳ ಜಾಗಕ್ಕೆ ಕೂರಿಸಿ, ಒಬ್ಬ ರೋಗಿಯ ಜೀನೋಮ್ ಮಾದರಿ ಜೀನೋಮಿಗಿಂತ ಎಲ್ಲೆಲ್ಲಿ ಬೇರೆಯಾಗಿದೆ, ಆ ಬೇರೆತನಕ್ಕೂ ಕಾಯಿಲೆಗೂ ನಂಟಿದೆಯೇ ಎಂದು ಹೇಳುವುದು ಬಯೋಇನ್ಫರ್ಮ್ಯಾಟಿಕ್ಸ್‌ನ ಒಂದು ಕೆಲಸ.

ಇನ್ನೊಂದು ನಮ್ಮ ಹೊಲದ್ದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ ಎಂಎಲ್-365 ರಾಗಿ ತಳಿಯ ಜೀನೋಮನ್ನು 2017ರಲ್ಲಿ ಪ್ರಕಟಿಸಿತು. ರಾಗಿಯೊಳಗೆ ಎರಡು ಪೂರ್ವಜ ಜೀನೋಮ್‌ಗಳು ಒಟ್ಟಿಗೇ ಇವೆ. ಒಂದೇ ಥರ ಕಾಣುವ ಚೂರು ಸಿಕ್ಕಾಗ ಅದು ಈ ಪೂರ್ವಜನದೋ ಆ ಪೂರ್ವಜನದೋ ಎಂದು ಬಿಡಿಸುವುದೇ ದೊಡ್ಡ ಕೆಲಸ. ಪ್ರೋಟೀನಿನ ಆಕಾರ ಊಹಿಸುವುದು, ಔಷಧಿಯ ಅಣು ಅದಕ್ಕೆ ಎಲ್ಲಿ ಅಂಟುತ್ತದೆಂದು ಲೆಕ್ಕ ಹಾಕುವುದು (ಇದನ್ನು ಡಾಕ್ ಮಾಡುವುದು ಅನ್ನುತ್ತಾರೆ), ಗಡ್ಡೆಯ ಒಂದೊಂದು ಜೀವಕೋಶದಲ್ಲೂ ಯಾವ ಜೀನ್ ಎಷ್ಟು ಚಟುವಟಿಕೆಯಲ್ಲಿದೆ ಎಂದು ಎಣಿಸುವುದು ಕೂಡ ಇದೇ ವಿಷಯದೊಳಗೆ ಬರುತ್ತವೆ.

ಇದು ನಿನ್ನೆ ಮೊನ್ನೆ ಬಂದ ವಿಷಯವೇ?

ಅಲ್ಲ. ಎರಡು ಸೀಕ್ವೆನ್ಸ್‌ಗಳನ್ನು (ಡಿಎನ್‌ಎ ಅಥವಾ ಪ್ರೋಟೀನಿನ ಅಕ್ಷರಸಾಲುಗಳನ್ನು) ಆದಿಯಿಂದ ಅಂತ್ಯದವರೆಗೆ ಹೊಂದಿಸಿ ನೋಡುವ ನೀಡಲ್‌ಮನ್–ವುನ್ಶ್ ವಿಧಾನ 1970ರದ್ದು, ಪ್ರೋಟೀನ್ ರಚನೆಗಳ ಭಂಡಾರ ಪಿಡಿಬಿ 1971ರದ್ದು. ಅದಕ್ಕೂ ಮೊದಲು, 1963ರಲ್ಲಿ, ಮದ್ರಾಸಿನಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಅವರ ಜೊತೆಗಾರರು ಪ್ರೋಟೀನಿನ ಬೆನ್ನೆಲುಬು ಯಾವ ಯಾವ ಕೋನಗಳಲ್ಲಿ ತಿರುಗಲು ಸಾಧ್ಯ ಎಂಬುದನ್ನು ಒಂದು ನಕ್ಷೆಯಲ್ಲಿ ತೋರಿಸಿದರು. ಇವತ್ತಿಗೂ ಹೊಸ ರಚನೆ ಸರಿಯಿದೆಯೇ ಎಂದು ನೋಡುವವರು ಮೊದಲು ತೆಗೆಯುವುದು ರಾಮಚಂದ್ರನ್ ನಕ್ಷೆಯನ್ನೇ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಅಣು ಜೈವಿಕ ಭೌತ ವಿಭಾಗವನ್ನು ಕಟ್ಟಿದವರೂ ಅವರೇ.

ಬಯೋಟೆಕ್ನಾಲಜಿಗೂ ಇದಕ್ಕೂ ಏನು ವ್ಯತ್ಯಾಸ?

ಬಯೋಟೆಕ್‌ನಲ್ಲಿ ಕೈ ಪಿಪೆಟ್ ಮೇಲಿರುತ್ತದೆ, ಇಲ್ಲಿ ಕೀಬೋರ್ಡ್ ಮೇಲೆ. ಹಾಗಂತ ಪ್ರಯೋಗಾಲಯದ ಕೆಲಸ ಗೊತ್ತೇ ಇಲ್ಲದಿದ್ದರೆ ಇಲ್ಲಿ ನಡೆಯುವುದಿಲ್ಲ. ಆರ್‌ಎನ್‌ಎ ಕೋಣೆಯ ಉಷ್ಣಾಂಶದಲ್ಲಿ ಬೇಗ ಹಾಳಾಗುತ್ತದೆ ಎಂದು ತಿಳಿಯದವರಿಗೆ, ಎಂಟು ಸ್ಯಾಂಪಲ್‌ಗಳಲ್ಲಿ ಒಂದು ಮಾತ್ರ ವಿಚಿತ್ರವಾಗಿ ಏಕೆ ಕಾಣುತ್ತಿದೆ ಎಂಬುದು ಹೊಳೆಯುವುದಿಲ್ಲ.

ಪಿಯುಸಿಯಲ್ಲಿ ಗಣಿತ ತೆಗೆದುಕೊಂಡಿಲ್ಲ. ದಾರಿ ಮುಚ್ಚಿತೇ?

ಬಿಇ ದಾರಿಗೆ ಗಣಿತ ಬೇಕು. ಬಿಎಸ್ಸಿ ಮೂಲಕ ಬರಲು ಅಡ್ಡಿಯಿಲ್ಲ, ಆದರೆ ಗಣಿತವನ್ನು ಯಾವಾಗಲಾದರೂ ಕಲಿಯಲೇಬೇಕು. ಬೇಕಾಗುವುದು ಇಷ್ಟು: ಲಾಗರಿದಂ, ಸಂಭವನೀಯತೆ, ಸರಾಸರಿ ಮತ್ತು ವಿಚಲನೆ, ಮ್ಯಾಟ್ರಿಕ್ಸ್‌ಗಳ ಮೂಲ ಲೆಕ್ಕ, ಹಿಂಜರಿತ ವಿಶ್ಲೇಷಣೆ (ರಿಗ್ರೆಷನ್), ಊಹೆಯ ಪರೀಕ್ಷೆ (ಹೈಪಾಥೆಸಿಸ್ ಟೆಸ್ಟಿಂಗ್). ಕಲನಶಾಸ್ತ್ರ ಪಿಯುಸಿ ಮಟ್ಟದ್ದು ಸಾಕು. ಬಿಎಸ್ಸಿಯ ಮೂರು ವರ್ಷದಲ್ಲಿ ದಿನಕ್ಕೆ ಅರ್ಧ ಗಂಟೆ ಕೊಟ್ಟರೂ ಇದು ಕೈಗೆ ಬರುತ್ತದೆ. ಕೋಡಿಂಗ್‌ಗೆ ಹೆದರುವವರು ಬಹಳ, ಆದರೆ ಕಾಲೆಳೆಯುವುದು ಸಂಖ್ಯಾಶಾಸ್ತ್ರ. ಕೋಡ್ ತಪ್ಪಿದರೆ ಸಾಮಾನ್ಯವಾಗಿ ಪ್ರೋಗ್ರಾಂ ನಿಂತುಹೋಗುತ್ತದೆ. ಲೆಕ್ಕದ ತಿಳುವಳಿಕೆ ತಪ್ಪಿದರೆ ಯಾವುದೂ ನಿಲ್ಲುವುದಿಲ್ಲ, ತಪ್ಪು ಉತ್ತರ ಅಚ್ಚುಕಟ್ಟಾಗಿ ಹೊರಗೆ ಬರುತ್ತದೆ.

ಪದವಿಗೆ ಯಾವುದು ಒಳ್ಳೆಯದು: ಬಿಎಸ್ಸಿ, ಬಿಇ ಬಯೋಟೆಕ್ ಅಥವಾ ಕಂಪ್ಯೂಟರ್ ಸೈನ್ಸ್?

ಮೂರರಿಂದಲೂ ಜನ ಬಂದಿದ್ದಾರೆ. ನಮ್ಮ ಅಭಿಪ್ರಾಯ ಸ್ಪಷ್ಟ: ಪದವಿ ಮಟ್ಟದಲ್ಲಿ ಯಾವುದಾದರೂ ಒಂದು ಮೂಲ ವಿಷಯವನ್ನು ಆಳವಾಗಿ ಓದಿ. ಜೀವರಸಾಯನ, ತಳಿಶಾಸ್ತ್ರ, ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಸೈನ್ಸ್ ಯಾವುದಾದರೂ ಆಗಬಹುದು. ಬಯೋಇನ್ಫರ್ಮ್ಯಾಟಿಕ್ಸ್ ಎಂಬ ಹೆಸರು ಎಂಎಸ್ಸಿ ಅಥವಾ ಎಂಟೆಕ್‌ನಲ್ಲಿ ಬಂದರೆ ಸಾಕು. ಪದವಿಯಲ್ಲೇ ಎಲ್ಲದರ ತುಣುಕು ತುಣುಕು ಓದಿದವರಿಗೆ ಕೊನೆಗೆ ಯಾವುದರಲ್ಲೂ ನೆಲೆ ಸಿಗದೆ ಹೋಗುವ ಅಪಾಯವಿದೆ.

ಬೆಂಗಳೂರಿನ ಆರ್‌ವಿ, ಎಂ.ಎಸ್. ರಾಮಯ್ಯ, ಹುಬ್ಬಳ್ಳಿಯ ಕೆಎಲ್‌ಇ ಮುಂತಾದೆಡೆ ಬಿಇ ಬಯೋಟೆಕ್ ಇದೆ. ಬಿಎಸ್ಸಿಗೆ ಹೋಗುವವರು ಸಾಧ್ಯವಿದ್ದಲ್ಲಿ ಜೀವವಿಜ್ಞಾನದ ಜೊತೆ ಕಂಪ್ಯೂಟರ್ ಅಥವಾ ಸಂಖ್ಯಾಶಾಸ್ತ್ರ ಸಿಗುವ ಜೋಡಿ ಹುಡುಕಿ. ಕರ್ನಾಟಕದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂದಿದೆ. ಇಲ್ಲಿನ ಎಂಎಸ್ಸಿಗೆ ಅದರಿಂದ ತೊಂದರೆಯಿಲ್ಲ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಮಾತ್ರ ನಾಲ್ಕು ವರ್ಷದ ಪದವಿ ಕೇಳುತ್ತವೆ.

ಸ್ನಾತಕೋತ್ತರ ಓದು ಎಲ್ಲೆಲ್ಲಿ ಇದೆ?

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿರುವ ಐಬ್ಯಾಬ್ ಈ ವಿಷಯಕ್ಕೆಂದೇ ಹುಟ್ಟಿದ ಸಂಸ್ಥೆ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಬಯೋಇನ್ಫರ್ಮ್ಯಾಟಿಕ್ಸ್ ವಿಭಾಗವಿದೆ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ, ಬೆಂಗಳೂರಿನ ಹಾಸ್ಟೆಲ್ ಖರ್ಚು ಹೊರಲಾಗದವರಿಗೆ ಅದು ಹತ್ತಿರದ ದಾರಿ. ರಾಜ್ಯದ ಹೊರಗೆ ಪುಣೆ, ಪಾಂಡಿಚೇರಿ, ಹೈದರಾಬಾದ್ ವಿಶ್ವವಿದ್ಯಾಲಯಗಳು, ದೆಹಲಿಯ ಜೆಎನ್‌ಯು ಮತ್ತು ಜಾಮಿಯಾ ಮಿಲಿಯಾ ಹಳೆಯ ಹೆಸರುಗಳು. ದೆಹಲಿಯ ಐಐಐಟಿಯಲ್ಲಿ ಕಂಪ್ಯುಟೇಷನಲ್ ಬಯಾಲಜಿ ಎಂಬ ಹೆಸರಲ್ಲಿ ಎಂಟೆಕ್ ಇದೆ. ಹೆಸರು ಬೇರೆ ಇದ್ದರೂ ಓದು ಹೆಚ್ಚುಕಡಿಮೆ ಇದೇ. ಹಾಗಾಗಿ ಹುಡುಕುವಾಗ ಸಿಸ್ಟಮ್ಸ್ ಬಯಾಲಜಿ, ಜೀನೋಮಿಕ್ಸ್, ಬಯೋಸ್ಟ್ಯಾಟಿಸ್ಟಿಕ್ಸ್ ಎಂಬ ಹೆಸರುಗಳನ್ನೂ ಸೇರಿಸಿಕೊಳ್ಳಿ.

ಯಾವ ಪ್ರವೇಶ ಪರೀಕ್ಷೆ ಬರೆಯಬೇಕು?

ಕೇಂದ್ರೀಯ ವಿಶ್ವವಿದ್ಯಾಲಯಗಳ ಎಂಎಸ್ಸಿಗೆ ಸಾಮಾನ್ಯವಾಗಿ ಸಿಯುಇಟಿ-ಪಿಜಿ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ನೆರವು ಕೊಡುವ ಕೋರ್ಸ್‌ಗಳಿಗೆ ಗ್ಯಾಟ್-ಬಿ. ಎಂಟೆಕ್‌ಗೆ ಗೇಟ್: ಬಯೋಟೆಕ್ನಾಲಜಿ, ಜೀವವಿಜ್ಞಾನ, ಕಂಪ್ಯೂಟರ್ ಸೈನ್ಸ್ ಪತ್ರಿಕೆಗಳಲ್ಲಿ ಆಯಾ ಸಂಸ್ಥೆ ಒಪ್ಪುವುದನ್ನು ನೋಡಿ ಬರೆಯಿರಿ. ಗೇಟ್ ಮೂಲಕ ಎಂಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನದ ಅವಕಾಶವಿದೆ. ರಾಜ್ಯದ ವಿಶ್ವವಿದ್ಯಾಲಯಗಳದ್ದು ಅವುಗಳದೇ ಪ್ರಕ್ರಿಯೆ.

ಕಾಲೇಜು ನೋಡಲು ಹೋದಾಗ ಏನು ಕೇಳಬೇಕು?

ಕಟ್ಟಡ, ಎಸಿ ಲ್ಯಾಬ್ ನೋಡಿ ಮರುಳಾಗಬೇಡಿ. ನಾಲ್ಕು ಮಾತು ಕೇಳಿ. ವಿದ್ಯಾರ್ಥಿಗಳಿಗೆ ಲಿನಕ್ಸ್ ಸರ್ವರ್‌ನಲ್ಲಿ ಸ್ವಂತ ಲಾಗಿನ್ ಕೊಡುತ್ತೀರಾ? ಸಂಖ್ಯಾಶಾಸ್ತ್ರ ಕಲಿಸುವವರು ಆ ವಿಷಯದವರೇ? ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟನ್ನು ಹೊರಗಿನ ಸಂಶೋಧನಾ ಸಂಸ್ಥೆಯಲ್ಲಿ ಮಾಡಲು ಬಿಡುತ್ತೀರಾ? ಹೋದ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಶೀರ್ಷಿಕೆಗಳನ್ನು ತೋರಿಸುತ್ತೀರಾ? ಕೊನೆಯದು ಬಹಳ ಹೇಳುತ್ತದೆ. ಹದಿನೈದು ಪ್ರಾಜೆಕ್ಟ್‌ಗಳಲ್ಲಿ ಹದಿನಾಲ್ಕು "ಇಂಥ ಗಿಡದ ರಾಸಾಯನಿಕವನ್ನು ಇಂಥ ಪ್ರೋಟೀನಿಗೆ ಡಾಕ್ ಮಾಡಿದ್ದು" ಎಂದಿದ್ದರೆ ಅಲ್ಲಿ ಹೊಸ ಕೆಲಸ ನಡೆಯುತ್ತಿಲ್ಲ ಎಂದರ್ಥ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕಷ್ಟವಾಗುತ್ತದೆಯೇ?

ಮೊದಲ ಸೆಮಿಸ್ಟರ್ ಕಷ್ಟ, ಆಮೇಲೆ ಇಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಬೇಕಾದ ಇಂಗ್ಲಿಷ್ ಪದಗಳು ಬೆರಳೆಣಿಕೆಯಷ್ಟು. ತೊಡಕಾಗುವುದು ಸಂಶೋಧನಾ ಲೇಖನ ಓದುವಾಗ. ವಾರಕ್ಕೊಂದು ಲೇಖನ ತೆಗೆದುಕೊಂಡು, ಮೊದಲು ಚಿತ್ರಗಳನ್ನೂ ಅವುಗಳ ಕೆಳಗಿನ ವಿವರಣೆಯನ್ನೂ ಮಾತ್ರ ಓದಿ, ಏನಾಗಿದೆ ಎಂದು ಕನ್ನಡದಲ್ಲಿ ಹತ್ತು ಸಾಲು ಬರೆಯಿರಿ. ಬರೆಯಲು ಬಂದರೆ ಅರ್ಥವಾಗಿದೆ. ಬರದಿದ್ದರೆ ಎಲ್ಲಿ ಅರ್ಥವಾಗಿಲ್ಲ ಎಂಬುದು ಆ ಸಾಲಿನಲ್ಲೇ ಗೊತ್ತಾಗುತ್ತದೆ. ಇಂಗ್ಲಿಷ್ ಸರಾಗವಾಗಿ ಬರುವವರೂ ಮಾಡಬೇಕಾದ ಅಭ್ಯಾಸವಿದು.

ಎರಡು ವರ್ಷದಲ್ಲಿ ಏನೇನು ಕೈಗೆ ಬರಬೇಕು? ಪೈಥಾನ್ ಮೊದಲೋ ಆರ್ ಮೊದಲೋ?

ಅವೆರಡಕ್ಕೂ ಮೊದಲು ಲಿನಕ್ಸ್ ಕಮಾಂಡ್ ಲೈನ್. ಕೋಟಿಗಟ್ಟಲೆ ಸಾಲುಗಳ ಫೈಲನ್ನು ತೆರೆಯದೆಯೇ ಅದರ ಮೊದಲ ಹತ್ತು ಸಾಲು ನೋಡುವುದು, ಬೇಕಾದ ಕಾಲಂ ಮಾತ್ರ ತೆಗೆಯುವುದು, ಎಣಿಸುವುದು ಇಲ್ಲೇ. ಒಂದು ತಿಂಗಳು ಇದಕ್ಕೇ ಇಡಿ. ಆಮೇಲೆ ಪೈಥಾನ್, ಮೂರು ನಾಲ್ಕು ತಿಂಗಳು. ರೋಸಲಿಂಡ್ ಎಂಬ ಉಚಿತ ತಾಣದ ಲೆಕ್ಕಗಳನ್ನು ಒಂದೊಂದಾಗಿ ಬಿಡಿಸಿದರೆ ಜೀವವಿಜ್ಞಾನ ಮತ್ತು ಕೋಡಿಂಗ್ ಎರಡೂ ಒಟ್ಟಿಗೆ ಬರುತ್ತವೆ. ಎರಡನೇ ಸೆಮಿಸ್ಟರಿನಲ್ಲಿ ಆರ್ ಎಂಬ ಇನ್ನೊಂದು ಭಾಷೆ ಹಿಡಿಯಿರಿ. ಸಂಖ್ಯಾಶಾಸ್ತ್ರದ ಜೊತೆಗೇ ಕಲಿತರೆ ಎರಡೂ ಅಂಟುತ್ತವೆ. ಜೀವವಿಜ್ಞಾನದ ಡೇಟಾಕ್ಕೆಂದೇ ಇರುವ ಬಯೋಕಂಡಕ್ಟರ್ ಸಂಗ್ರಹದ ನೂರಾರು ಪ್ಯಾಕೇಜ್‌ಗಳು ಆರ್‌ನಲ್ಲೇ ಇವೆ.

ಎರಡನೇ ವರ್ಷ ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್, ಪ್ರೋಗ್ರಾಂಗಳನ್ನು ಅದೇ ಆವೃತ್ತಿಯಲ್ಲಿ ಕೂಡಿಸಿಡುವ ಕೊಂಡಾ ಮತ್ತು ಡಾಕರ್, ಜೊತೆಗೆ ಹಂತಗಳನ್ನು ಸಾಲಾಗಿ ಓಡಿಸುವ ಸ್ನೇಕ್‌ಮೇಕ್ ಅಥವಾ ನೆಕ್ಸ್ಟ್‌ಫ್ಲೋ ಎರಡರಲ್ಲಿ ಒಂದು. ನೀವು ಮಾಡಿದ್ದನ್ನು ಆರು ತಿಂಗಳ ನಂತರ ನೀವೇ, ಇಲ್ಲವೇ ಬೇರೊಬ್ಬರು, ಮತ್ತೆ ಮಾಡಿ ಅದೇ ಉತ್ತರ ಪಡೆಯಬೇಕಾದರೆ ಇವು ಬೇಕು. ಕಂಪನಿಗಳು ಹೊಸಬರಲ್ಲಿ ಹುಡುಕಿ ಸಿಗದೆ ಒದ್ದಾಡುವುದೂ ಇದನ್ನೇ.

ಎಂಥ ಲ್ಯಾಪ್‌ಟಾಪ್ ಬೇಕು?

16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಸಾಕು. ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸುರಿಯಬೇಡಿ. ವಿಂಡೋಸ್ ಇದ್ದರೆ ಅದರೊಳಗೇ ಡಬ್ಲ್ಯುಎಸ್‌ಎಲ್ ಹಾಕಿಕೊಂಡು ಉಬುಂಟು ಎಂಬ ಲಿನಕ್ಸ್ ಓಡಿಸಬಹುದು. ಇಷ್ಟರಲ್ಲಿ ಈಸ್ಟ್ ಡೇಟಾ ಆರಾಮಾಗಿ ನಡೆಯುತ್ತದೆ. ಅದರ ಜೀನೋಮ್ 1.2 ಕೋಟಿ ಅಕ್ಷರ, ಸುಮಾರು 6,000 ಜೀನ್. ಮನುಷ್ಯನ ಜೀನೋಮಿಗೆ, ಚೂರುಗಳನ್ನು ಜಾಗಕ್ಕೆ ಕೂರಿಸುವ ಸ್ಟಾರ್ ಎಂಬ ಪ್ರೋಗ್ರಾಂ ಬಳಸಲು ಹೋದರೆ ಸುಮಾರು 30 ಜಿಬಿ ರ‍್ಯಾಮ್ ಕೇಳುತ್ತದೆ, ಲ್ಯಾಪ್‌ಟಾಪ್ ಸ್ತಬ್ಧವಾಗುತ್ತದೆ. ಅಲ್ಲಿ ಹೈಸ್ಯಾಟ್2 ಅಥವಾ ಸ್ಯಾಲ್ಮನ್ ಬಳಸಿ. ಲ್ಯಾಪ್‌ಟಾಪೇ ಇಲ್ಲದವರಿಗೆ ಗ್ಯಾಲಕ್ಸಿ ಎಂಬ ಉಚಿತ ತಾಣವಿದೆ. ಕೆಲಸವೆಲ್ಲ ಅವರ ಸರ್ವರ್‌ನಲ್ಲಿ ನಡೆಯುತ್ತದೆ, ನಿಮಗೆ ಬ್ರೌಸರ್ ಇದ್ದರೆ ಆಯಿತು.

ಒಂದು ವಿಶ್ಲೇಷಣೆ ಮೊದಲಿಂದ ಕೊನೆಯವರೆಗೆ ಹೇಗೆ ನಡೆಯುತ್ತದೆ?

ಔಷಧಿ ಕೊಟ್ಟ ಜೀವಕೋಶಗಳಲ್ಲಿ ಯಾವ ಜೀನ್‌ಗಳ ಚಟುವಟಿಕೆ ಏರಿತು, ಇಳಿಯಿತು ಎಂಬ ಪ್ರಶ್ನೆ ತೆಗೆದುಕೊಳ್ಳೋಣ. ಔಷಧಿ ಕೊಟ್ಟ ಸ್ಯಾಂಪಲ್ ಮೂರು, ಕೊಡದವು ಮೂರು. ಮೂರಕ್ಕಿಂತ ಕಡಿಮೆ ಇದ್ದರೆ ಜೀವಿಯ ಸಹಜ ಏರಿಳಿತ ಯಾವುದು, ಔಷಧಿಯ ಪರಿಣಾಮ ಯಾವುದು ಎಂದು ಬೇರ್ಪಡಿಸಲಾಗುವುದಿಲ್ಲ.

ಯಂತ್ರದಿಂದ ಬರುವುದು ಫಾಸ್ಟ್‌ಕ್ಯೂ ಫೈಲ್. ಅದರಲ್ಲಿ ಪ್ರತಿ ಚೂರಿಗೆ ನಾಲ್ಕು ಸಾಲು: ಹೆಸರು, ಅಕ್ಷರಗಳು, ಒಂದು ಕೂಡು ಗುರುತು, ಕೊನೆಗೆ ಪ್ರತಿ ಅಕ್ಷರವನ್ನೂ ಯಂತ್ರ ಎಷ್ಟು ನಂಬುತ್ತದೆ ಎಂಬ ಅಂಕ. ಅಂಕ 20 ಎಂದರೆ ನೂರರಲ್ಲಿ ಒಂದು ಅಕ್ಷರ ತಪ್ಪಿರಬಹುದು, 30 ಎಂದರೆ ಸಾವಿರದಲ್ಲಿ ಒಂದು. ಫಾಸ್ಟ್‌ಕ್ಯೂಸಿ ಓಡಿಸಿ ಈ ಅಂಕಗಳನ್ನು ನೋಡಿ. ಓದಿಸುವ ಮೊದಲು ಲ್ಯಾಬಿನಲ್ಲಿ ಜೋಡಿಸಿ, ಚೂರುಗಳ ಬಾಲಕ್ಕೆ ಅಂಟಿಕೊಂಡ ಅಡಾಪ್ಟರ್ ತುಣುಕುಗಳನ್ನು ಫಾಸ್ಟ್‌ಪಿ ಕತ್ತರಿಸುತ್ತದೆ. ಆಮೇಲೆ ಚೂರುಗಳನ್ನು ಜೀನೋಮಿನ ಮೇಲೆ ಕೂರಿಸಿ, ಪ್ರತಿ ಜೀನಿನ ಮೇಲೆ ಎಷ್ಟು ಬಿದ್ದವು ಎಂದು ಎಣಿಸುವುದು. ಕೊನೆಗೆ ಸಿಗುವುದು ಸುಮಾರು 20,000 ಸಾಲು, ಆರು ಕಾಲಂಗಳ ಒಂದು ಕೋಷ್ಟಕ.

ಕೋಷ್ಟಕ ಸಿಕ್ಕ ಕೂಡಲೇ ಫಲಿತಾಂಶಕ್ಕೆ ಹಾರಬೇಡಿ. ಮೊದಲು, ಯಾವ ಸ್ಯಾಂಪಲ್ ಯಾವುದನ್ನು ಹೋಲುತ್ತದೆ ಎಂದು ತೋರಿಸುವ ಪಿಸಿಎ ಚಿತ್ರ ಬಿಡಿಸಿ. ಔಷಧಿ ಕೊಟ್ಟ ಮೂರೂ ಒಂದು ಕಡೆ, ಕೊಡದವು ಇನ್ನೊಂದು ಕಡೆ ಗುಂಪಾಗಬೇಕು. ಗುಂಪಾಗದಿದ್ದರೆ ಅಲ್ಲೇ ನಿಂತು ಕಾರಣ ಹುಡುಕಿ. ಆಮೇಲಷ್ಟೇ, ಯಾವ ಜೀನಿನ ಎಣಿಕೆ ಎರಡು ಗುಂಪುಗಳ ನಡುವೆ ಬದಲಾಗಿದೆ ಎಂದು ಪರೀಕ್ಷಿಸುವ ಡಿಇಸೆಕ್2 ಪ್ರೋಗ್ರಾಂ.

ಹೊಸಬರು ಹೆಚ್ಚಾಗಿ ಎಲ್ಲಿ ತಪ್ಪುತ್ತಾರೆ?

ಪ್ರೋಗ್ರಾಂ ದೂರು ಹೇಳದ ಕಡೆಗಳಲ್ಲಿ. ಈ ವಿಷಯದ ದೊಡ್ಡ ತಪ್ಪುಗಳೆಲ್ಲ ಸದ್ದಿಲ್ಲದವು.

ಒಂದೇ ಒಂದು ಅಕ್ಷರವನ್ನು ಹತ್ತಿರದಿಂದ ನೋಡೋಣ. ಕುಡಗೋಲು ಕಣ ರಕ್ತಹೀನತೆಗೆ (ಸಿಕಲ್ ಸೆಲ್) ಕಾರಣ 11ನೇ ಕ್ರೋಮೋಸೋಮಿನ ಎಚ್‌ಬಿಬಿ ಜೀನಿನಲ್ಲಿ ಒಂದಕ್ಷರದ ಬದಲಾವಣೆ. ಜಿಎಜಿ ಇರಬೇಕಾದಲ್ಲಿ ಜಿಟಿಜಿ ಬಂದು, ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವ್ಯಾಲಿನ್ ಕೂರುತ್ತದೆ. ಈ ಅಕ್ಷರದ ವಿಳಾಸವೇನು? ಮನುಷ್ಯನ ಮಾದರಿ ಜೀನೋಮಿನ, 2013ರಲ್ಲಿ ಬಂದ ಜಿಆರ್‌ಸಿಎಚ್38 ಆವೃತ್ತಿಯ ಪ್ರಕಾರ 52,27,002. 2009ರ ಜಿಆರ್‌ಸಿಎಚ್37 ಪ್ರಕಾರ 52,48,232. ನಿಮ್ಮ ಫೈಲ್ ಹಳೆಯದರಲ್ಲಿದ್ದು, ಹುಡುಕುವ ಪಟ್ಟಿ ಹೊಸದರಲ್ಲಿದ್ದರೆ 21,230 ಅಕ್ಷರ ಆಚೆ ಹುಡುಕುತ್ತೀರಿ, "ಬದಲಾವಣೆ ಇಲ್ಲ" ಎಂಬ ಉತ್ತರ ಬರುತ್ತದೆ, ಪ್ರೋಗ್ರಾಂ ಮಾತೇ ಆಡುವುದಿಲ್ಲ.

ಆವೃತ್ತಿ ಸರಿಯಾಯಿತು ಅನ್ನಿ. ವ್ಯತ್ಯಾಸಗಳನ್ನು ಪಟ್ಟಿ ಮಾಡುವ ವಿಸಿಎಫ್ ಫೈಲ್ ಎಣಿಕೆಯನ್ನು ಒಂದರಿಂದ ಶುರು ಮಾಡುತ್ತದೆ, ಜೀನೋಮಿನ ಜಾಗಗಳನ್ನು ಪಟ್ಟಿ ಮಾಡುವ ಬೆಡ್ ಫೈಲ್ ಸೊನ್ನೆಯಿಂದ. ಇದೇ ಜಾಗ ಬೆಡ್‌ನಲ್ಲಿ 52,27,001ರಿಂದ 52,27,002. ಇದನ್ನು ಮರೆತರೆ ಪಕ್ಕದ ಅಕ್ಷರ ಓದುತ್ತೀರಿ. ಇನ್ನೂ ಒಂದಿದೆ: ಎಚ್‌ಬಿಬಿ ಇರುವುದು ಡಿಎನ್‌ಎಯ ಹಿಮ್ಮುಖ ಎಳೆಯಲ್ಲಿ. ಪಠ್ಯಪುಸ್ತಕ ಎ ಹೋಗಿ ಟಿ ಬಂತು ಅನ್ನುತ್ತದೆ, ವಿಸಿಎಫ್ ಟಿ ಹೋಗಿ ಎ ಬಂತು ಅನ್ನುತ್ತದೆ. ಎರಡೂ ಸರಿ. ಆದರೆ ಎ ಮತ್ತು ಟಿ ಒಂದಕ್ಕೊಂದು ಜೋಡಿಯಾದ್ದರಿಂದ ಎಳೆ ಅದಲುಬದಲಾದರೂ ಅಕ್ಷರ ನೋಡಿ ಪತ್ತೆ ಹಚ್ಚಲಾಗುವುದಿಲ್ಲ. ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಕುಟುಂಬಗಳಲ್ಲಿ ಈ ಕಾಯಿಲೆ ಇದೆ. ವರದಿಯ ತುದಿಯಲ್ಲಿ ಒಂದು ಮಗು ಇರುತ್ತದೆ ಎಂಬುದು ಕಾಲಂ ಎಣಿಸುವಾಗಲೂ ನೆನಪಿರಲಿ.

ಎಕ್ಸೆಲ್‌ನದು ಬೇರೆ ತರಲೆ. ಸೆಪ್ಟ್2 ಎಂಬ ಜೀನ್ ಹೆಸರನ್ನು ಅದು ಸೆಪ್ಟೆಂಬರ್ 2 ಎಂದು ಓದಿ ದಿನಾಂಕ ಮಾಡಿಬಿಡುತ್ತದೆ, ಮಾರ್ಚ್1 ಕೂಡ ಹಾಗೇ. ಪ್ರಕಟವಾದ ಲೇಖನಗಳ ಕೋಷ್ಟಕಗಳಲ್ಲೂ ಇದು ಎಷ್ಟು ನುಸುಳಿತೆಂದರೆ, ಜೀನ್‌ಗಳಿಗೆ ಹೆಸರಿಡುವ ಸಮಿತಿ 2020ರಲ್ಲಿ ಹೆಸರುಗಳನ್ನೇ ಬದಲಿಸಿ ಸೆಪ್ಟಿನ್2, ಮಾರ್ಚ್‌ಎಫ್1 ಎಂದು ಮಾಡಿತು. ಹಳೆಯ ಫೈಲ್‌ಗಳಲ್ಲಿ ಹಳೆಯ ಹೆಸರೇ ಇದೆ. ಜೀನ್ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ.

ಡಿಇಸೆಕ್2ಗೆ ಕೊಡಬೇಕಾದದ್ದು ಹಸಿ ಎಣಿಕೆ. ಟಿಪಿಎಂ, ಎಫ್‌ಪಿಕೆಎಂ ಎಂದು ಸರಿಹೊಂದಿಸಿದ ಅಂಕಿಗಳನ್ನು ಪೂರ್ಣಾಂಕ ಮಾಡಿ ತುರುಕಿದರೆ ಅದು ಓಡುತ್ತದೆ, ಉತ್ತರವನ್ನೂ ಕೊಡುತ್ತದೆ, ಆದರೆ ಆ ಉತ್ತರವನ್ನು ನಂಬುವಂತಿಲ್ಲ. ಇನ್ನು 20,000 ಜೀನ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ ಪಿ-ಮೌಲ್ಯ (ಪರಿಣಾಮವೇ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಕಾಣುವ ಸಂಭವನೀಯತೆ) 0.05ಕ್ಕಿಂತ ಕಡಿಮೆ ಇರುವುದನ್ನೆಲ್ಲ ಆರಿಸಿದರೆ, ಔಷಧಿ ಏನೂ ಮಾಡದಿದ್ದರೂ ಬರೀ ಆಕಸ್ಮಿಕವಾಗಿ ಸುಮಾರು 1,000 ಜೀನ್ ಸಿಗುತ್ತವೆ. ಹಾಗಾಗಿ ನೋಡಬೇಕಾದದ್ದು, ಇಷ್ಟೊಂದು ಪರೀಕ್ಷೆಗಳಿಗೆ ತಕ್ಕಂತೆ ತಿದ್ದಿದ ಪಿ-ಮೌಲ್ಯದ ಕಾಲಂ.

ಎಲ್ಲಕ್ಕಿಂತ ಬೇಸರ ತರಿಸುವುದು ಪ್ರಯೋಗದ ದಿನವೇ ಆದ ತಪ್ಪು. ಔಷಧಿ ಕೊಡದ ಸ್ಯಾಂಪಲ್‌ಗಳನ್ನೆಲ್ಲ ಸೋಮವಾರ, ಕೊಟ್ಟವನ್ನೆಲ್ಲ ಗುರುವಾರ ತಯಾರಿಸಿದ್ದರೆ, ಕಾಣುವ ವ್ಯತ್ಯಾಸ ಔಷಧಿಯದೋ ದಿನದ್ದೋ ಎಂದು ಯಾವ ಲೆಕ್ಕವೂ ಬಿಡಿಸಲಾರದು. ಪ್ರಯೋಗಕ್ಕೆ ಮೊದಲೇ ನಿಮ್ಮನ್ನು ಕರೆದು ಕೇಳುವಂತೆ ಮಾಡಿಕೊಳ್ಳಿ.

ಎಐ ಬಂದಮೇಲೂ ಈ ಕೆಲಸ ಉಳಿಯುತ್ತದೆಯೇ?

ಪ್ರೋಟೀನ್ ಆಕಾರ ಊಹಿಸುವ ಲೆಕ್ಕವನ್ನು ಆಲ್ಫಾಫೋಲ್ಡ್ ಎಂಬ ಎಐ ಪ್ರೋಗ್ರಾಂ ಬದಲಿಸಿದ್ದು ನಿಜ. ಅದನ್ನು ಕಟ್ಟಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್, ಹೊಸ ಪ್ರೋಟೀನ್‌ಗಳನ್ನು ವಿನ್ಯಾಸ ಮಾಡಿದ ಡೇವಿಡ್ ಬೇಕರ್ 2024ರ ರಸಾಯನ ವಿಜ್ಞಾನದ ನೊಬೆಲ್ ಹಂಚಿಕೊಂಡರು. 20 ಕೋಟಿಗೂ ಹೆಚ್ಚು ಊಹಿತ ರಚನೆಗಳು ಉಚಿತವಾಗಿ ಸಿಗುತ್ತವೆ. ಆದರೆ ಪ್ರತಿ ರಚನೆಯ ಜೊತೆ ಯಾವ ಭಾಗವನ್ನು ಎಷ್ಟು ನಂಬಬಹುದೆಂಬ ಅಂಕವೂ ಇದೆ. ನೂರಕ್ಕೆ 50ಕ್ಕಿಂತ ಕಡಿಮೆ ಅಂಕದ, ನಂಬಲಾಗದ ಭಾಗಕ್ಕೆ ಔಷಧಿ ಡಾಕ್ ಮಾಡಿ ಪ್ರಾಜೆಕ್ಟ್ ಬರೆಯುವವರು ಇದ್ದಾರೆ. ಕೋಡ್ ಬರೆದುಕೊಡುವ ಎಐ ಸಾಧನಗಳದ್ದೂ ಇದೇ ಕಥೆ: ಬೆಡ್ ಮತ್ತು ವಿಸಿಎಫ್ ಎಣಿಕೆಯ ವ್ಯತ್ಯಾಸವನ್ನು ಕಡೆಗಣಿಸಿದ ಕೋಡ್ ನೋಡಲು ಲಕ್ಷಣವಾಗಿಯೇ ಇರುತ್ತದೆ. ಬರೀ ಬಟನ್ ಒತ್ತುವ ಕೆಲಸ ಕಡಿಮೆಯಾಗುತ್ತದೆ. ಬಂದ ಉತ್ತರವನ್ನು ಅನುಮಾನಿಸಿ ಪರೀಕ್ಷಿಸಬಲ್ಲವರ ಕೆಲಸ ಉಳಿಯುತ್ತದೆ.

ಓದಿದ ಮೇಲೆ ಯಾವ ಯಾವ ಕೆಲಸಗಳಿವೆ?

ಆಸ್ಪತ್ರೆಗಳಿಗೆ ಜೆನೆಟಿಕ್ ಪರೀಕ್ಷೆ ಮಾಡಿಕೊಡುವ ಲ್ಯಾಬ್‌ಗಳಲ್ಲಿ ವೇರಿಯಂಟ್ (ಜೀನೋಮಿನಲ್ಲಿ ಸಿಗುವ ವ್ಯತ್ಯಾಸ) ವಿಶ್ಲೇಷಕರ ಕೆಲಸವಿದೆ. ಒಬ್ಬ ವ್ಯಕ್ತಿಯಲ್ಲಿ 40ರಿಂದ 50 ಲಕ್ಷ ವ್ಯತ್ಯಾಸಗಳು ಸಿಗುತ್ತವೆ. ಅವನ್ನು ಸೋಸಿ, ಉಳಿದವನ್ನು ಅಮೆರಿಕದ ತಳಿವಿಜ್ಞಾನಿಗಳ ಸಂಸ್ಥೆ 2015ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ರೋಗಕಾರಕ, ಬಹುಶಃ ರೋಗಕಾರಕ, ಅರ್ಥ ಅನಿಶ್ಚಿತ, ಬಹುಶಃ ನಿರುಪದ್ರವಿ, ನಿರುಪದ್ರವಿ ಎಂದು ಐದು ಗುಂಪು ಮಾಡಬೇಕು. ಕೋಡಿಂಗ್ ಕಡಿಮೆ, ಓದು ಬಹಳ. ತಳಿಶಾಸ್ತ್ರ ಚೆನ್ನಾಗಿ ಬರುವ ಬಿಎಸ್ಸಿ-ಎಂಎಸ್ಸಿ ಹಿನ್ನೆಲೆಯವರಿಗೆ ಒಳ್ಳೆಯ ಬಾಗಿಲು.

ಪೈಪ್‌ಲೈನ್ (ವಿಶ್ಲೇಷಣೆಯ ಹಂತಗಳ ಸರಣಿ) ಎಂಜಿನಿಯರ್ ಆದವರು ಇದಕ್ಕೆ ತದ್ವಿರುದ್ಧ: ದಿನಕ್ಕೆ ನೂರಾರು ಸ್ಯಾಂಪಲ್ ತಡೆಯಿಲ್ಲದೆ ಹರಿಯುವಂತೆ ಕ್ಲೌಡ್‌ನಲ್ಲಿ ವ್ಯವಸ್ಥೆ ಕಟ್ಟುತ್ತಾರೆ. ಔಷಧ ಕಂಪನಿಗಳ ವಿಶ್ಲೇಷಕರು ಕಾಯಿಲೆಗೆ ಯಾವ ಪ್ರೋಟೀನನ್ನು ಗುರಿಯಾಗಿಸಬೇಕೆಂದು ಹುಡುಕುತ್ತಾರೆ. ಬಯೋಕ್ಯುರೇಟರ್‌ಗಳು ಲೇಖನಗಳಿಂದ ಮಾಹಿತಿ ತೆಗೆದು ಡೇಟಾಬೇಸ್ ತುಂಬುತ್ತಾರೆ. ಮನುಷ್ಯನ ಪ್ರೋಟೀನ್‌ಗಳ ಎಚ್‌ಪಿಆರ್‌ಡಿ ಡೇಟಾಬೇಸಿಗೆ ಈ ಕೆಲಸ ನಡೆದದ್ದು ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನಲ್ಲಿ. ಕ್ಲಿನಿಕಲ್ ಟ್ರಯಲ್ ಡೇಟಾ ನೋಡುವ ಸ್ಟ್ಯಾಟಿಸ್ಟಿಕಲ್ ಪ್ರೋಗ್ರಾಮರ್ ಕೆಲಸವೂ ಇದೆ. ಅದಕ್ಕೆ ಸ್ಯಾಸ್ ಭಾಷೆ ಮತ್ತು ಟ್ರಯಲ್ ಡೇಟಾ ಜೋಡಿಸುವ ಸಿಡಿಸ್ಕ್ ಮಾನದಂಡ ಕಲಿತಿರಬೇಕು.

ಬೆಂಗಳೂರಿನಲ್ಲಿ ಕೆಲಸ ಸಿಗುವುದು ಎಲ್ಲಿ?

ಸ್ಟ್ರ್ಯಾಂಡ್ ಲೈಫ್ ಸೈನ್ಸಸ್, ಮೆಡ್‌ಜೀನೋಮ್, ಸಿಂಜೀನ್, ಜೀನೋಟಿಪಿಕ್ ಇಲ್ಲಿಯವೇ. ಹಲವು ವಿದೇಶಿ ಔಷಧ ಕಂಪನಿಗಳ ಡೇಟಾ ಕೇಂದ್ರಗಳೂ ಇವೆ. ಸಂಶೋಧನೆಗೆ ಐಐಎಸ್‌ಸಿ, ಎನ್‌ಸಿಬಿಎಸ್, ನಿಮ್ಹಾನ್ಸ್, ಹೆಸರಘಟ್ಟದ ತೋಟಗಾರಿಕೆ ಸಂಸ್ಥೆ, ಜಿಕೆವಿಕೆ. 10,000 ಭಾರತೀಯರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆಯನ್ನು ಮುನ್ನಡೆಸಿದ್ದು ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ. ಆ ಡೇಟಾ ಫರಿದಾಬಾದ್‌ನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿದೆ, 2025ರ ಜನವರಿಯಿಂದ ಸಂಶೋಧಕರು ಅನುಮತಿ ಕೋರಿ ಬಳಸಬಹುದು.

ಒಂದು ಮಾತು ನೇರವಾಗಿ ಹೇಳಬೇಕು. ಸಾಫ್ಟ್‌ವೇರ್ ಕಂಪನಿಗಳಂತೆ ಕ್ಯಾಂಪಸ್ಸಿಗೆ ಬಂದು ನೂರು ಜನರನ್ನು ಒಟ್ಟಿಗೆ ತೆಗೆದುಕೊಳ್ಳುವ ಪದ್ಧತಿ ಇಲ್ಲಿಲ್ಲ. ಒಂದು, ಎರಡು ಹುದ್ದೆ ಯಾವಾಗಲೋ ಬರುತ್ತವೆ. ಆರು ತಿಂಗಳ ಇಂಟರ್ನ್‌ಶಿಪ್ ಮಾಡಿದ ಕಡೆಯೇ ಕೆಲಸ ಸಿಗುವುದು ಹೆಚ್ಚು.

ಸಂಬಳ ಎಷ್ಟು?

ಖಾಸಗಿಯಲ್ಲಿ ಕಂಪನಿಯಿಂದ ಕಂಪನಿಗೆ ಅಜಗಜಾಂತರ. ಶುರುವಿನಲ್ಲಿ ಸಾಫ್ಟ್‌ವೇರ್ ಓರಗೆಯವರಿಗಿಂತ ಕಡಿಮೆ ಇರುವುದೇ ಹೆಚ್ಚು, ಕ್ಲೌಡ್ ಮತ್ತು ಸಂಖ್ಯಾಶಾಸ್ತ್ರ ಎರಡೂ ಬಂದವರಿಗೆ ಮೂರು ನಾಲ್ಕು ವರ್ಷದಲ್ಲಿ ಅಂತರ ಕಿರಿದಾಗುತ್ತದೆ. ಆಫರ್ ಬಂದಾಗ ಕೈಗೆ ಬರುವ ಮೊತ್ತ ಎಷ್ಟು, ಬಾಂಡ್ ಇದೆಯೇ ಎಂದು ಬರಹದಲ್ಲಿ ಕೇಳಿ. ಸಂಶೋಧನೆಯಲ್ಲಿ ಅಂಕಿ ಖಚಿತ: 2023ರ ಜನವರಿಯಿಂದ ಜೆಆರ್‌ಎಫ್‌ಗೆ (ಕಿರಿಯ ಸಂಶೋಧನಾ ಫೆಲೋ) ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಹಿರಿಯ ಫೆಲೋ) ಆದಾಗ 42,000. ಮನೆ ಬಾಡಿಗೆ ಭತ್ಯೆ ಬೇರೆ.

ಪಿಎಚ್‌ಡಿ ಮಾಡಲೇಬೇಕೇ?

ಪೈಪ್‌ಲೈನ್, ವೇರಿಯಂಟ್ ವಿಶ್ಲೇಷಣೆಗೆ ಬೇಡ. ಔಷಧ ಕಂಪನಿಯಲ್ಲಿ ವಿಜ್ಞಾನಿ ಎಂಬ ಹುದ್ದೆಗೆ, ವಿಶ್ವವಿದ್ಯಾಲಯದ ಪಾಠಕ್ಕೆ ಬೇಕು. ಪಿಎಚ್‌ಡಿ ಫೆಲೋಶಿಪ್‌ಗೆ ಬರೆಯುವ ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಬಯೋಇನ್ಫರ್ಮ್ಯಾಟಿಕ್ಸ್ ಎಂಬ ಬೇರೆ ಪತ್ರಿಕೆಯಿಲ್ಲ, ಜೀವವಿಜ್ಞಾನವನ್ನೇ ಬರೆಯಬೇಕು. ಹಾಗಾಗಿ ಜೀವಕೋಶ ವಿಜ್ಞಾನ, ಪರಿಸರ ವಿಜ್ಞಾನದಂಥ ಭಾಗಗಳನ್ನು ಎಂಎಸ್ಸಿಯಲ್ಲಿ ಓದದಿದ್ದರೂ ಪರೀಕ್ಷೆಗಾಗಿ ಓದಿಕೊಳ್ಳಬೇಕು. ಜೈವಿಕ ತಂತ್ರಜ್ಞಾನ ಇಲಾಖೆಯ ಬೆಟ್ ಪರೀಕ್ಷೆ ಇನ್ನೊಂದು ದಾರಿ.

ಸರ್ಕಾರಿ ಕೆಲಸ?

ಕಾಯಂ ಹುದ್ದೆಗಳು ಕಡಿಮೆ. ಬರುವುದು ಹೆಚ್ಚಾಗಿ ಯೋಜನೆಯ ಅವಧಿಯವರೆಗಿನ ಹುದ್ದೆಗಳು. ಅದೊಂದನ್ನೇ ನಂಬಿ ಈ ವಿಷಯ ಆರಿಸಬೇಡಿ.

ಜರ್ಮನಿಗೆ ಹೋಗಬಹುದೇ?

ಟ್ಯೂಬಿಂಗೆನ್, ಸಾರ್‌ಬ್ರುಕೆನ್‌ನಲ್ಲಿ ಬಯೋಇನ್ಫರ್ಮ್ಯಾಟಿಕ್ಸ್ ಮಾಸ್ಟರ್ಸ್ ಇದೆ. ಟ್ಯೂಬಿಂಗೆನ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕವಿದೆ. ವೀಸಾಕ್ಕೆ ಮುಂಚೆ, ನಿಮ್ಮ ಓದಿನ ದಾಖಲೆಗಳು ಅಸಲಿ ಎಂದು ಹೇಳುವ ಎಪಿಎಸ್ ಪ್ರಮಾಣಪತ್ರ ಬೇಕು. ವರ್ಷದ ಖರ್ಚಿಗೆಂದು ಬ್ಲಾಕ್ಡ್ ಖಾತೆಯಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ) ಇಡಬೇಕಾದ ಮೊತ್ತ 2024ರ ಸೆಪ್ಟೆಂಬರಿನಲ್ಲಿ 11,904 ಯೂರೋಗೆ ಏರಿತು. ಬಿಎಸ್ಸಿಯಲ್ಲಿ ಗಣಿತ, ಕಂಪ್ಯೂಟರ್ ವಿಷಯಗಳಿಗೆ ಎಷ್ಟು ಕ್ರೆಡಿಟ್ ಇದೆ ಎಂದು ಎಣಿಸುತ್ತಾರೆ, ಬರೀ ಜೀವವಿಜ್ಞಾನ ಓದಿದವರ ಅರ್ಜಿ ಅಲ್ಲೇ ಬೀಳಬಹುದು.

ದುಡ್ಡು ಕೊಟ್ಟರೆ ಪ್ರಾಜೆಕ್ಟ್, ಸರ್ಟಿಫಿಕೇಟ್ ಕೊಡುವ ಕಡೆ ಸೇರಬಹುದೇ?

ಬೇಡ. ಇನ್ನೊಬ್ಬರು ಮಾಡಿಕೊಟ್ಟ ಪ್ರಾಜೆಕ್ಟ್ ಇಂಟರ್‌ವ್ಯೂನ ಎರಡನೇ ಪ್ರಶ್ನೆಗೇ ಬಿದ್ದುಹೋಗುತ್ತದೆ. ಅದರ ಬದಲು ಒಂದು ಪ್ರಕಟಿತ ಲೇಖನದ ಡೇಟಾವನ್ನು ಸೀಕ್ವೆನ್ಸಿಂಗ್ ಡೇಟಾ ಇಟ್ಟಿರುವ ಎಸ್‌ಆರ್‌ಎ ಭಂಡಾರದಿಂದ ಉಚಿತವಾಗಿ ಇಳಿಸಿಕೊಂಡು, ಅವರ ಒಂದು ಚಿತ್ರವನ್ನು ನೀವೇ ಮತ್ತೆ ಬಿಡಿಸಲು ಪ್ರಯತ್ನಿಸಿ. ಹೊಂದದಿದ್ದರೆ ಏಕೆ ಹೊಂದಲಿಲ್ಲ ಎಂದು ಬರೆದು ಗಿಟ್‌ಹಬ್‌ನಲ್ಲಿ ಇಡಿ. ಹತ್ತು ಸರ್ಟಿಫಿಕೇಟಿಗಿಂತ ಅದಕ್ಕೆ ಬೆಲೆ ಹೆಚ್ಚು.

ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುತ್ತಿರುವವರು ಈ ಕಡೆ ಬರಬಹುದೇ?

ಖಂಡಿತ. ಪಿಯುಸಿ ಜೀವಶಾಸ್ತ್ರದಿಂದ ಶುರುಮಾಡಿ ಒಂದು ಒಳ್ಳೆಯ ಅಣುಜೀವಶಾಸ್ತ್ರದ ಪಠ್ಯವನ್ನು ಪೂರ್ತಿ ಓದಿ. ಜೀವಿಗಳ ನಿಯಮಗಳಿಗೆಲ್ಲ ಅಪವಾದ ಇರುತ್ತದೆ ಎಂಬುದಕ್ಕೆ ಹೊಂದಿಕೊಳ್ಳುವುದೇ ನಿಮಗೆ ಕಷ್ಟವಾಗುವ ಭಾಗ.

ಇಂಟರ್‌ವ್ಯೂನಲ್ಲಿ ಏನು ಕೇಳುತ್ತಾರೆ?

ಡೇಟಾಬೇಸಿನಲ್ಲಿ ಹೋಲುವ ಸೀಕ್ವೆನ್ಸ್ ಹುಡುಕುವ ಬ್ಲಾಸ್ಟ್ ಪ್ರೋಗ್ರಾಂನ ಇ-ಮೌಲ್ಯ ಏನು ಎಂದು ಕೇಳಿದರೆ "ಕಡಿಮೆ ಇದ್ದಷ್ಟೂ ಒಳ್ಳೆಯದು" ಅನ್ನುವುದು ಅರ್ಧ ಉತ್ತರ. ಇಷ್ಟು ಚೆನ್ನಾಗಿ ಹೊಂದುವ ಸೀಕ್ವೆನ್ಸ್‌ಗಳು ಬರೀ ಆಕಸ್ಮಿಕವಾಗಿ ಎಷ್ಟು ಸಿಗಬಹುದು ಎಂಬ ಅಂದಾಜು ಅದು. ಡೇಟಾಬೇಸ್ ದೊಡ್ಡದಾದರೆ ಅದೇ ಹೊಂದಿಕೆಯ ಇ-ಮೌಲ್ಯ ಏರುತ್ತದೆ. ಇಷ್ಟು ಹೇಳಿದರೆ ಪೂರ್ತಿ.

ಇನ್ನೊಂದು ಬಗೆ, ಕೋಷ್ಟಕ ಕೊಟ್ಟು "ಏನಾದರೂ ಸರಿಯಿಲ್ಲ ಅನಿಸುತ್ತದೆಯೇ" ಎಂದು ಕೇಳುವುದು. ಹತ್ತು ರೋಗಿಗಳ ಜೀನ್ ಎಣಿಕೆ, ಮೇಲೆ ಹೆಣ್ಣು, ಗಂಡು ಎಂದು ಬರೆದಿರುತ್ತದೆ. ಆಗ ಮೊದಲು ಎಕ್ಸಿಸ್ಟ್ ಎಂಬ ಜೀನಿನ ಸಾಲು ಹುಡುಕಿ. ಅದರ ಎಣಿಕೆ ಹೆಣ್ಣುಮಕ್ಕಳಲ್ಲಿ ಹೆಚ್ಚು, ಗಂಡಸರಲ್ಲಿ ಹೆಚ್ಚುಕಡಿಮೆ ಸೊನ್ನೆ. ವೈ ಕ್ರೋಮೋಸೋಮಿನ ಡಿಡಿಎಕ್ಸ್3ವೈ ಇದಕ್ಕೆ ಉಲ್ಟಾ. ಗಂಡು ಎಂದು ಬರೆದ ಏಳನೇ ಕಾಲಂನಲ್ಲಿ ಎಕ್ಸಿಸ್ಟ್ ಸಾವಿರಗಟ್ಟಲೆ ಇದ್ದು, ಹೆಣ್ಣು ಎಂದು ಬರೆದ ಎಂಟರಲ್ಲಿ ಸೊನ್ನೆ ಇದ್ದರೆ, ಎರಡು ಟ್ಯೂಬ್‌ಗಳ ಚೀಟಿ ಅದಲುಬದಲಾಗಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಹೇಳಿ, ವಿಶ್ಲೇಷಣೆ ನಿಲ್ಲಿಸಿ, ಲ್ಯಾಬಿನ ದಾಖಲೆ ಪುಸ್ತಕ ಕೇಳಿ.